ಎಂಟು ದಿನ ಎತ್ತದ ಡಬ್ಬಿ

ನಾನು ಸೇಡು ತೀರಿಸಿಕೊಂಡೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಕಲಿಸಿದ್ದೇ ಅದು: ಎದುರಿನವನು ನಿನ್ನ ಮೇಲೆ ಹೊರಿಸಬಹುದಾದ ಆರೋಪವನ್ನು ನೀನೇ ಮುಂಚೆ ಆಡಿಬಿಡು, ಅವನ ಕೈ ಬರಿದಾಗುತ್ತದೆ. ಕ್ಷಮೆ ದೊಡ್ಡದು, ಮರೆತುಬಿಡಬೇಕು ಎನ್ನುವವರು ಎನ್ನಲಿ. ಅವರ ತಾಯಿಯ ಡಬ್ಬಿಯನ್ನು ಯಾರೂ ಗೇಟಿನ ಹೊರಗೆ ಬಿಟ್ಟಿರಲಿಕ್ಕಿಲ್ಲ.

ಡಬ್ಬಿಯ ಸಂಗತಿ ಬಿಡಿಸಿ ಹೇಳಬೇಕು. ಸೊಲ್ಲಾಪುರದ ಆಚೆ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ದೊಡ್ಡ ಗೋದಾಮು. ಜನ ಮೊಬೈಲಿನಲ್ಲಿ ಕೊಂಡ ಸಾಮಾನೆಲ್ಲ ಅಲ್ಲಿಗೆ ಬಂದು, ಬೇರೆಬೇರೆ ರಟ್ಟಿನ ಖೋಕೆಗಳಲ್ಲಿ ಸೇರಿ ಊರೂರಿಗೆ ಹೋಗುತ್ತದೆ. ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ, ಆ ಎರಡು ತಿಂಗಳು, ಅಲ್ಲಿ ದಿನಗೂಲಿಯ ಕೈಗಳು ಬೇಕು. ಅವರನ್ನು ಆರಿಸುವವನು ಕಂಪನಿಯವನಲ್ಲ, ಗುತ್ತಿಗೆದಾರನ ಮುಕಾದಮ. ಬಂದವರೆಲ್ಲ ಬೆಳಿಗ್ಗೆ ಎಂಟಕ್ಕೆ ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ತಮ್ಮ ಊಟದ ಡಬ್ಬಿಗಳನ್ನು ಸಾಲಾಗಿ ಇಟ್ಟು ರಸ್ತೆಯ ಆಚೆ ಹೋಗಿ ನಿಲ್ಲಬೇಕು. ಮುಕಾದಮ ಒಂದೊಂದೇ ಡಬ್ಬಿ ಎತ್ತಿ ಕೈಯಲ್ಲಿ ತೂಗುತ್ತಾನೆ. ಭಾರವಿದ್ದರೆ ಒಳಗಿನ ಬೆಂಚಿನ ಮೇಲೆ, ಹಗುರವಿದ್ದರೆ ಮತ್ತೆ ಗೋಡೆಯ ಮೇಲೆ. ಡಬ್ಬಿ ಒಳಗೆ ಹೋದರೆ ಅದರ ಒಡತಿಗೆ ಆ ದಿನ ಕೆಲಸ. ಆಗ ‘ಡಬ್ಬಿ ಎತ್ತಿದ’ ಎನ್ನುತ್ತಿದ್ದರು.

ಅವನಿಗೆ ಒಂದು ಸಿದ್ಧಾಂತವೂ ಇತ್ತು. "ಭಾರ ಡಬ್ಬಿ ತಂದಾಕಿ ಸಂಜೀ ತನಕಾ ನಿಂತು ಕೆಲಸಾ ಮಾಡ್ತಾಳ. ಹಗುರ ಡಬ್ಬಿ ತಂದಾಕಿ ಎರಡಕ್ಕ ತಲಿ ನೋಯ್ತದ ಅಂತಾಳ."

ಅವ್ವ ಆ ವರ್ಷ ಅಕ್ಕಲಕೋಟದಿಂದ ಮೊದಲ ಎಸ್‌ಟಿ ಬಸ್ಸು ಹಿಡಿದು, ಸೊಲ್ಲಾಪುರದ ಸ್ಟ್ಯಾಂಡಿನಿಂದ ಆರೇಳು ಹೆಂಗಸರು ಕೂಡಿ ರಿಕ್ಷಾ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಏಕೆಂದರೆ ಹಂಗಾಮು ಪೂರ್ತಿ ದಿನವೂ ಒಳಗೆ ಹೋದವರಿಗೆ ದೀಪಾವಳಿಯ ಮೇಲೆ ಫೋಟೋ ಹಚ್ಚಿದ ಕಾರ್ಡು ಸಿಗುತ್ತಿತ್ತು. ಕಾರ್ಡಿದ್ದವರು ಡಬ್ಬಿ ಇಡಬೇಕಾಗಿಲ್ಲ. ವರ್ಷವಿಡೀ ನೇರ ಒಳಗೆ. ಅವ್ವನಿಗೆ ಆ ಕಾರ್ಡು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಇನ್ನೂ ತಿಂಗಳಿರುವಾಗಲೇ ಅಕ್ಕಲಕೋಟದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದಳು. "ಆಮ್ಯಾಲ ಗಡಬಡ ಆಗಬಾರದು" ಅನ್ನುತ್ತಿದ್ದಳು.

ನನ್ನ ಪರೀಕ್ಷೆ ಮುಗಿದಿತ್ತು. ಹಬ್ಬದವರೆಗೆ ನಾನೂ ದುಡಿಯುತ್ತೇನೆಂದು ಅವಳ ಸಂಗಡ ಹೊರಟೆ. ಮೊದಲ ದಿನ ಮುಕಾದಮ ನನ್ನ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿದ.

"ಇದ್ಯಾರದು? ಗುಬ್ಬಿ ಊಟದಂಗ ಅದ."

"ನಂದ್ರಿ ಮಾಮಾ."

"ಕಾಲೇಜದ ಡಬ್ಬೇನು? ಇಷ್ಟ ಉಂಡು ಪುಸ್ತಕ ಎತ್ತಬಹುದವಾ ತಂಗಿ, ಖೋಕಾ ಎತ್ತಾಕ ಆಗಂಗಿಲ್ಲ."

ರಸ್ತೆಯಾಚೆಯ ಹೆಂಗಸರೆಲ್ಲ ನಕ್ಕರು. ಎರಡನೆಯ ದಿನವೂ ಹಗುರ, ಮೂರನೆಯ ದಿನವೂ ಹಗುರ. ನನ್ನೆದುರು ವಾದಿಸಿದ ಎಷ್ಟೋ ಹುಡುಗರು ಕೊನೆಗೆ ನೀರು ಕುಡಿಯುತ್ತಾ ಕೂತದ್ದನ್ನು ನಾನು ನೋಡಿದ್ದೆ. ಒಬ್ಬ ಮುಕಾದಮ ದಿನಾ ನನ್ನನ್ನು ಗುಬ್ಬಿ ಮಾಡುವುದೆಂದರೇನು?

ನಾಲ್ಕನೆಯ ದಿನ ಕಂಪನಿಯ ಸಾಹೇಬನೂ ಗೇಟಿನ ಬಳಿ ಬಂದು, ತನ್ನ ಮೋಟರ್‌ಸೈಕಲ್ ಮೇಲೆ ಕೂತು ನೋಡುತ್ತಿದ್ದ. ನನಗೆ ಸಭೆ ಸಿಕ್ಕಿತು ಅನಿಸಿತು. ರಸ್ತೆ ದಾಟಿ ಬಂದೆ.

"ಮಾಮಾ, ನಿಮ್ಮ ವಾದದಾಗ ಒಂದು ತೂತ ಅದ."

"ತೂತ ನಿನ್ನ ಡಬ್ಬ್ಯಾಗ ಇರಬೇಕು. ಅದಕ್ಕ ಊಟ ಸೋರಿ ಹೋಗ್ಯಾದ."

ಮತ್ತೆ ನಗು. ನಾನು ಬಿಡಲಿಲ್ಲ. "ಭಾರ ಇದ್ರ ಊಟಾನ ಇರ್ತದ ಅಂತ ನಿಮಗ ಯಾರ ಹೇಳ್ಯಾರ? ಊಟ ಹೆಚ್ಚಿದ್ರ ಕೆಲಸಾ ಹೆಚ್ಚ ಮಾಡ್ತಾರ ಅಂತ ಯಾರ ಹೇಳ್ಯಾರ? ಎರಡೂ ನಿಮ್ಮ ಊಹಾ. ಒಂದಕ್ಕೂ ಸಾಕ್ಷಿ ಇಲ್ಲ."

"ಸಾಕ್ಷಿ ನನ್ನ ಕೈ," ಎಂದು ಅವನು ಬೆಂಚಿನ ಮೇಲಿನ ಅತಿ ಭಾರದ ಡಬ್ಬಿಯನ್ನು ತಟ್ಟಿದ. "ಇದ ನೋಡು. ಇದಕ್ಕ ಡಬ್ಬಿ ಅಂತಾರ. ಇದನ್ನ ತರೋ ಬಾಯಿ ಎರಡ ತಿಂಗಳಾತು, ಒಂದ ದಿನಾ ಕುಂತಿಲ್ಲ."

ಅದು ಅವ್ವನ ಡಬ್ಬಿ.

ಅದರೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ನನ್ನ ಕಣ್ಣೆದುರೇ ಅವ್ವ ತಳದಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿ ಕುಟ್ಟುವ ಗುಂಡುಕಲ್ಲು ಇಟ್ಟು, ಮೇಲೆ ಎರಡು ರೊಟ್ಟಿ ಮುಚ್ಚಿ, ಅರಿವೆ ಕಟ್ಟುತ್ತಿದ್ದಳು. ಅಜ್ಜಿಯ ಕಾಲದ ಕಲ್ಲು. ಕರ್ರಗೆ, ಮುಷ್ಟಿಗೆ ಸರಿಯಾಗಿ ಕೂಡುವಂಥದ್ದು, ಒಂದು ಮಗ್ಗುಲಲ್ಲಿ ಸ್ವಲ್ಪ ಚಕ್ಕೆ ಎದ್ದದ್ದು. ಉದಾಹರಣೆಯಿಲ್ಲದ ವಾದ ನಿಲ್ಲುವುದಿಲ್ಲ. ನನಗೆ ಉದಾಹರಣೆ ಬೇಕಿತ್ತು, ಅದು ಕೈಗೆಟಕುವಷ್ಟು ದೂರದಲ್ಲಿತ್ತು. ಅರಿವೆ ಬಿಚ್ಚಿ, ಮುಚ್ಚಳ ತೆಗೆದು, ರೊಟ್ಟಿ ಸರಿಸಿ, ಕಲ್ಲನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ.

"ನಿಮ್ಮ ಸಾಕ್ಷಿ," ಅಂದೆ.

ಮೊದಲು ಸಾಹೇಬ ನಕ್ಕ. ಅವನು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು. ಮುಕಾದಮನ ಸಿದ್ಧಾಂತ ನಡುಬೀದಿಯಲ್ಲಿ ಬಿದ್ದಿತ್ತು, ನಾನು ಗೆದ್ದಿದ್ದೆ. ಗೆಲುವಿನಲ್ಲೇ ರಸ್ತೆಯ ಆಚೆ ನೋಡಿದೆ. ನಗದೆ ನಿಂತಿದ್ದವಳು ಒಬ್ಬಳೇ. ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು.

ಮುಕಾದಮ ನನ್ನ ಕೈಯಿಂದ ಕಲ್ಲು ತೆಗೆದುಕೊಂಡು ತನ್ನ ಮೇಜಿನ ಮೇಲಿಟ್ಟ. ಅವ್ವನ ಡಬ್ಬಿಯನ್ನು ಮತ್ತೊಮ್ಮೆ ಎತ್ತಿ ತೂಗಿದ.

"ಈಗ ಹಗುರ ಆತು," ಎಂದು ಅದನ್ನು ಹೊರಗೆ, ಗೋಡೆಯ ಮೇಲೆ ಇಟ್ಟ.

ಹಂಗಾಮು ಮುಗಿಯಲು ಇನ್ನು ಎಂಟು ದಿನವಿತ್ತು. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವ್ವ ಎಂಟೂ ದಿನ ಹೋದಳು. ಎಂಟೂ ದಿನ ಅವನು ಅವಳ ಡಬ್ಬಿ ಎತ್ತಿ, "ಹಗುರ ಅದ ಬಾಯಿ," ಎಂದು ವಾಪಸು ಇಟ್ಟ. ಮಧ್ಯಾಹ್ನದ ಹೊತ್ತಿಗೆ ಅವಳು ಮನೆಗೆ ಬರುತ್ತಿದ್ದಳು. ಉಣ್ಣದೆ ತಂದ ಆ ಎರಡು ರೊಟ್ಟಿಗಳನ್ನು ಸಂಜೆ ಇಬ್ಬರೂ ತಿನ್ನುತ್ತಿದ್ದೆವು. ಯಾಕೆ ಹೋಗುತ್ತಿ, ಬಿಡು ಎಂದರೆ, "ಹೋಗದಿದ್ರ ಕಳವು ಒಪ್ಪಿಕೊಂಡಂಗ ಆಗ್ತದ" ಎಂದಳು. ಮುಕಾದಮ ಆವತ್ತಿನಿಂದ ಎಲ್ಲರ ಡಬ್ಬಿಗಳನ್ನೂ ತೆರೆದು ನೋಡತೊಡಗಿದನಂತೆ. ಬಸ್ಸಿನಲ್ಲಿ ಅವ್ವನಿಗೆ ಜಾಗ ಹಿಡಿಯುತ್ತಿದ್ದ ಹೆಂಗಸರು ಹಿಡಿಯುವುದನ್ನು ಬಿಟ್ಟರು.

ಕಾರ್ಡು ಸಿಗಲಿಲ್ಲ. ಫೋಟೋ ಕನ್ನಡಿಯಲ್ಲೇ ಉಳಿಯಿತು. ಅವ್ವ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಹಿಂಡಿ ಕುಟ್ಟುವಾಗ ಮಾತ್ರ, ಕಲ್ಲಿಲ್ಲದೆ ತಂಬಿಗೆಯ ತಳದಿಂದ ಗುದ್ದುತ್ತ, ಬೆಳ್ಳುಳ್ಳಿ ಎಸಳು ಹಾರಿ ಮೂಲೆಗೆ ಬಿದ್ದಾಗ ಹೇಳುತ್ತಿದ್ದಳು: "ಕಲ್ಲಾದ್ರೂ ತರಬೇಕಿತ್ತು ನೀ."

ಬೆಳ್ಳುಳ್ಳಿ ಹಾರಿದಾಗಲೆಲ್ಲ ನಾನು ಆ ಮುಕಾದಮನ ಮುಖವನ್ನು ನೆನೆಯುತ್ತಿದ್ದೆ. ಒಂದು ದಿನ ಅವನೂ ರಸ್ತೆಯ ಆಚೆ ನಿಲ್ಲಬೇಕು. ನಾನು ಅವನ ಡಬ್ಬಿ ಎತ್ತಬೇಕು. ದೇವರಿಗೆ ಹರಕೆ ಹೊರುವ ಪೈಕಿ ನಾನಲ್ಲ. ಇದೊಂದನ್ನು ಮಾತ್ರ ಹರಕೆಯ ಹಾಗೆ ಇಟ್ಟುಕೊಂಡೆ.

ಮೂರು ವರ್ಷದ ನಂತರ ಕೆಲಸ ಕೊಡುವ ಜಾಗದಲ್ಲಿ ನಾನೇ ಕೂತಿದ್ದೆ. ಸೊಲ್ಲಾಪುರದ ಒಂದು ವ್ಯಾಪಾರಿ ಮನೆತನದ ಚಾದರ, ಟವೆಲ್ ಗೋದಾಮು. ಮದುವೆಯ ಹಂಗಾಮಿಗೆ ಗಂಟು ಕಟ್ಟಲು, ಹೊರಲು, ಚೀಟಿ ಹಚ್ಚಲು ತಾತ್ಕಾಲಿಕ ಜನ ಬೇಕು. ಅವರನ್ನು ಕೂಡಿಸುವುದು ನನ್ನ ಕೆಲಸ. ಮೊಬೈಲಿನಲ್ಲಿ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬಾಯಿಮಾತಲ್ಲೇ ಹೇಳಿ ಕಳಿಸುತ್ತಿದ್ದೆ. ನಮ್ಮ ಕಡೆಯವರಿಗೆ ಓದುವುದಕ್ಕಿಂತ ಕೇಳುವುದು ಸಲೀಸು. ಮೊದಲು ಹ್ಞೂಂ ಎಂದವರ ಹೆಸರು ಮೊದಲು. ಗೋಡೆ ಇಲ್ಲ, ತೂಗುವುದಿಲ್ಲ. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಅವ್ವನನ್ನು ಕರೆದೆ. ಬರಲಿಲ್ಲ. "ನಿನ್ನ ಗೋದಾಮಿಗೆ ನಾ ಬರಂಗಿಲ್ಲವಾ. ಯಾವಾಗ ಯಾರ ಡಬ್ಬಿ ತೆರೀತಿಯೋ ಏನೋ," ಎಂದು ನಕ್ಕು, ಅಕ್ಕಲಕೋಟದ ಬೇಳೆ ಮಿಲ್ಲಿಗೆ ಹೋದಳು. ನಕ್ಕಳು ನಿಜ. ಆದರೆ ಹೋದದ್ದು ಮಿಲ್ಲಿಗೆ.

ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ಒಬ್ಬ ಮನುಷ್ಯ ಬಂದು ನಿಂತ. ಸೊರಗಿದ್ದ, ಕನ್ನಡಕ ಬಂದಿತ್ತು. ಆದರೆ ಡಬ್ಬಿ ತೂಗುತ್ತಿದ್ದ ಆ ಕೈಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ.

"ಮೇಡಂ, ಇಲ್ಲಿ ಕೆಲಸ ಅದ ಅಂತ ಕೇಳಿದೆ."

"ಮೊದಲ ಎಲ್ಲಿ ಇದ್ರಿ?"

"ಚಿಂಚೋಳ್ಯಾಗ ಇದ್ದೆರಿ. ಗೇಟಿನಾಗ ಮಂದೀನ ಕೆಲಸಕ್ಕ ಹಚ್ತಿದ್ದೆ. ಈಗ ಅಲ್ಲಿ ಮಾರಿ ನೋಡೋ ಮಷಿನ್ ಕುಂಡ್ರಿಸ್ಯಾರ. ಎಲ್ಲಾರ ಮಾರಿ ಅದಕ್ಕ ಗುರ್ತ ಸಿಗ್ತದ. ನನ್ನ ಮಾರಿ ಒಂದ ಬ್ಯಾಡಾತು."

ನಾನು ನಗಲಿಲ್ಲ. ಅವನಿಗೆ ನನ್ನ ಗುರುತು ಸಿಕ್ಕಿಲ್ಲ ಎಂದುಕೊಂಡೆ. ಆ ವಾರ ಗಂಟು ಹೊರಲು ನಮಗೆ ಇಬ್ಬರು ಕಡಿಮೆಯಿದ್ದರು. ಅವನನ್ನು ಆಗಲೇ ಒಳಗೆ ಕಳಿಸಬಹುದಿತ್ತು.

"ನಮ್ಮಲ್ಲಿ ಒಂದು ಪದ್ಧತಿ ಅದ ಮಾಮಾ," ಅಂದೆ. "ನಾಳೆ ಎಂಟಕ್ಕ ಡಬ್ಬಿ ತಗೊಂಡು ಬರ್ರಿ. ಹೊರಗ ಗ್ವಾಡಿ ಮ್ಯಾಲ ಇಡ್ರಿ. ಇಟ್ಟು ರಸ್ತಾದ ಆಚೆ ನಿಂದ್ರರಿ. ನಾ ಎತ್ತಿದ್ರ ಕೆಲಸ."

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಡಬ್ಬಿ?"

"ಡಬ್ಬಿ."

"ಆತ್ರಿ," ಎಂದು ಹೋದ.

ಮರುದಿನ ಗೋಡೆಯ ಮೇಲೆ ಒಂದೇ ಒಂದು ಡಬ್ಬಿ. ರಸ್ತೆಯ ಆಚೆ ಅವನೊಬ್ಬನೇ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅವನ ಮುಂದೆಯೇ ಒಳಗೆ ಹೋಗುತ್ತಿದ್ದರು. ನಾನು ಹೊರಬಂದು ಡಬ್ಬಿ ಎತ್ತಿದೆ, ತೂಗಿದೆ, ಇಳಿಸಿದೆ.

"ಹಗುರ ಅದ."

ಆ ಮಾತು ಆಡಿದಾಗಿನ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಎಷ್ಟು ಚರ್ಚೆ ಗೆದ್ದಿದ್ದೇನೆ, ಎಷ್ಟು ಬಹುಮಾನದ ಢಾಲು ಮನೆಗೆ ತಂದಿದ್ದೇನೆ. ಯಾವುದರಲ್ಲೂ ಇಷ್ಟು ರುಚಿಯಿರಲಿಲ್ಲ. ಎರಡೇ ಪದ, ಎದುರು ಉತ್ತರವಿಲ್ಲ. ಎರಡನೆಯ ದಿನ ಡಬ್ಬಿ ಸ್ವಲ್ಪ ಭಾರವಾಗಿತ್ತು, ಮೂರನೆಯ ದಿನ ಮತ್ತೂ ಸ್ವಲ್ಪ. ನಾನು ಅದೇ ಎರಡು ಪದ ಹೇಳಿದೆ. ಎಂಟು ದಿನ ಎಂದು ಮೊದಲೇ ನಿಶ್ಚಯಿಸಿದ್ದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಚೀಟಿ ಹಚ್ಚುವ ಹೆಂಗಸೊಬ್ಬಳು ಕೇಳಿದಳು: "ಅಕ್ಕಾವ್ರ, ನಮ್ಮ ಯಾರ ಡಬ್ಬೀನೂ ನೋಡಂಗಿಲ್ಲ ನೀವು. ಆ ಮಾಮಾನ ಡಬ್ಬಿಗೇನ ಬ್ಯಾನಿ ಬಂದದ?"

"ಅದು ಹಳೇ ಬ್ಯಾನಿ. ನೀ ಚೀಟಿ ಹಚ್ಚು."

ಮಾಲೀಕ ಶೇಠಜಿಯೂ ಕಿಟಕಿಯಿಂದ ನೋಡಿ, "ಕೋಣ್ ಆಹೇ ತೋ? ರೋಜ್ ಉಭಾ ಅಸತೋ," ಅಂದರು. ಯಾರವನು, ದಿನಾ ನಿಂತಿರುತ್ತಾನಲ್ಲ ಎಂದು. "ವೇಟಿಂಗ್ ಲಿಸ್ಟ್, ಶೇಠಜಿ," ಅಂದೆ. ಅವರಿಗೆ ಅದು ಶಿಸ್ತಿನ ಮಾತಾಗಿ ಕೇಳಿಸಿರಬೇಕು, ತಲೆಯಾಡಿಸಿ ಹೋದರು. ಕಡಿಮೆಯಿದ್ದ ಇಬ್ಬರ ಪಾಲಿನ ಗಂಟುಗಳನ್ನು ಆ ವಾರ ನಾನೇ ಹೊತ್ತೆ. ಬೆನ್ನು ಹಿಡಿದುಕೊಂಡಿತು. ಇರಲಿ ಅಂದುಕೊಂಡೆ.

ಎಂಟನೆಯ ದಿನ ಡಬ್ಬಿ ಎತ್ತಿದರೆ ಮಣಿಕಟ್ಟು ಬಾಗಿತು. ಒಳಗೆ ಏನೋ ಗಡಗಡ ಎಂದು ಉರುಳಿತು.

"ಹಗುರ ಅದ," ಅಂದೆ.

ಅವನು ಕರೆಯದೆಯೇ ರಸ್ತೆ ದಾಟಿ ಬಂದ. "ತೆರದ ನೋಡ್ರಿ."

"ನಾ ಯಾರ ಡಬ್ಬೀನೂ ತೆರಿಯಂಗಿಲ್ಲ."

"ಯಾಕ್ರಿ? ಅವತ್ತ ತೆರದಿದ್ರಲ್ಲ."

ಅಂದರೆ ಮೊದಲ ದಿನದಿಂದಲೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಎಂಟು ದಿನ ಬಂದು ನಿಂತಿದ್ದ. ಅವನೇ ಮುಚ್ಚಳ ತೆಗೆದ. ಒಳಗೆ ರೊಟ್ಟಿಯಿರಲಿಲ್ಲ. ಕರ್ರಗಿನ ಗುಂಡುಕಲ್ಲು, ಒಂದು ಮಗ್ಗುಲಲ್ಲಿ ಚಕ್ಕೆ ಎದ್ದದ್ದು.

"ಇಷ್ಟ ದಿನ ನನ್ನ ಟೇಬಲ್ ಮ್ಯಾಲ ಕಾಗದಾ ಹಾರದಂಗ ಕುಂತಿತ್ತು. ನೌಕರಿ ಹೋದ ದಿನಾ ಅಲ್ಲಿಂದ ಇದೊಂದ ತಂದೆ. ತಗೋರಿ, ನಿಮ್ಮವ್ವಂದು."

ನಾನು ಕೈ ಚಾಚಲಿಲ್ಲ. ಅವನು ಮುಂದುವರಿಸಿದ.

"ನಿಮ್ಮವ್ವನ ಡಬ್ಬ್ಯಾಗ ಕಲ್ಲ ಅದ ಅಂತ ನನಗ ಮೊದಲನೇ ವಾರಾನ ಗೊತ್ತಿತ್ತು. ಎತ್ತಿದ್ರ ಸಪ್ಪಳ ಬರ್ತಿತ್ತು. ರೊಟ್ಟಿ ಸಪ್ಪಳ ಮಾಡ್ತಾವೇನ್ರಿ?"

"ಗೊತ್ತಿದ್ದೂ ಒಳಗ ತಗೊಂಡ್ರಿ?"

"ಅಕ್ಕಲಕೋಟದಿಂದ ದಿನಾ ಕಲ್ಲ ಹೊತ್ಕೊಂಡ ಬರಾಕಿ ಎರಡಕ್ಕ ತಲಿ ನೋಯ್ತದ ಅಂತಾಳೇನು? ನನಗ ಅಷ್ಟ ಗೊತ್ತಾದ್ರ ಸಾಕಿತ್ತು. ಆ ಸಾಲಿನಾಗ ಹತ್ತ ಮಂದಿ ಡಬ್ಬ್ಯಾಗ ಕಲ್ಲಿತ್ತು. ಮುಚ್ಚಿದ್ದು, ನಡೀತಿತ್ತು. ನೀವು ಸಾಹೇಬನ ಮುಂದ ತೆರದ್ರಿ. ಆಮ್ಯಾಲ ನಾ ಹ್ಯಾಂಗ ಎತ್ತಲಿ?"

ಇಂಥ ಪ್ರತಿವಾದವನ್ನು ಯಾವ ವೇದಿಕೆಯಲ್ಲೂ ನಾನು ಕೇಳಿರಲಿಲ್ಲ. ಇದು ನಿಜವೋ, ನೌಕರಿ ಹೋದ ಮೇಲೆ ಹೊಳೆದ ಜಾಣತನವೋ? ಸಾಕ್ಷಿಯಿಲ್ಲ. ಆದರೆ ಆ ಸಪ್ಪಳವನ್ನು ಈಗ ತಾನೇ ನನ್ನ ಕೈಯೂ ಕೇಳಿತ್ತು. ಆದರೂ ಬಿಡಲಿಲ್ಲ.

"ಸಾಹೇಬ ಅವತ್ತೊಂದ ದಿನಾ ಇದ್ದ. ಎಂಟೂ ದಿನಾ ನಿಂತಿದ್ನೇನು? ಮರದಿನಾ ಎತ್ತಬಹುದಿತ್ತಲ್ಲ ನೀವು?"

ಅವನು ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸಿದ.

"ಎತ್ತಬಹುದಿತ್ತು," ಅಂದ. "ಸಿಟ್ಟಿತ್ತು. ನನ್ನ ಮಂದೀನ ನನ್ನ ಮುಂದ ನಕ್ಕಿದ್ರು. ಅದು ಹ್ಯಾಂಗ ಇರ್ತದ ಅಂತ ನಿಮಗ ಹೇಳಬೇಕೇನ್ರಿ?"

ಹೇಳಬೇಕಾಗಿರಲಿಲ್ಲ. ಕಲ್ಲು ತೆಗೆದುಕೊಂಡೆ.

"ನಾಳೆ ಬರ್ರಿ. ಗ್ವಾಡಿ ಮ್ಯಾಲ ಇಡಬ್ಯಾಡ್ರಿ, ಸೀದಾ ಒಳಗ ಬರ್ರಿ."

ಇದನ್ನು ದಯೆ ಎಂದು ಯಾರೂ ಬರೆದುಕೊಳ್ಳಬಾರದು. ಎಂಟು ದಿನ ಮುಗಿದಿತ್ತು, ಅಷ್ಟೇ. ಅವನು ಆವತ್ತು ಬಾಯಿ ಬಿಡದಿದ್ದರೂ ಮರುದಿನ ಒಳಗೆ ಬರುತ್ತಿದ್ದ.

ಆ ಸಂಜೆ ಕಲ್ಲನ್ನು ಅವ್ವನ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದೆ: ಗೋಡೆ, ರಸ್ತೆ, ನನ್ನ ಎರಡು ಪದ, ಅವನು ಹೇಳಿದ ಸಪ್ಪಳದ ಮಾತು. ಅವಳು ಕಲ್ಲು ತೊಳೆದಳು. ಚಕ್ಕೆ ಎದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಶೇಂಗಾ, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಲು ಕೂತಳು. ಒಂದು ಎಸಳೂ ಹಾರಲಿಲ್ಲ.

"ಎಷ್ಟ ದಿನಾ ನಿಂದರಿಸಿದಿ ಅವನ್ನ?"

"ಎಂಟ. ನಿನ್ನ ಎಂಟಕ್ಕ ಅವನ ಎಂಟ."

"ನಾ ಹೊರಗ ನಿಂತದ್ದ ಒಂಬತ್ತ."

"ಎಂಟ ಅವ್ವಾ. ಹಬ್ಬಕ್ಕ ಎಂಟ ದಿನಾ ಉಳಿದಿತ್ತು."

"ತೆರದ ದಿನಾ ಹಿಡದ್ರ ಒಂಬತ್ತ."

"ಹಂಗಾದ್ರ ಅವನ್ನ ಇನ್ನೊಂದ ದಿನಾ ನಿಂದರಿಸಬೇಕಿತ್ತು."

"ಆ ದಿನಾ ಅವಂದಲ್ಲ," ಎಂದಳು ಅವ್ವ, ಕುಟ್ಟುವುದನ್ನು ನಿಲ್ಲಿಸದೆ.

ಆ ದಿನ ಡಬ್ಬಿ ತೆರೆದ ಕೈ ನನ್ನದು.

ಮರುದಿನ ಬೆಳಿಗ್ಗೆ ಅವಳೇ ನನ್ನ ಡಬ್ಬಿ ಕಟ್ಟಿಕೊಟ್ಟಳು. ಎಸ್‌ಟಿಯಲ್ಲಿ ತೊಡೆಯ ಮೇಲಿಟ್ಟುಕೊಂಡಾಗ ಬಲು ಭಾರವಾಗಿತ್ತು. ಕಲ್ಲು ಸಿಕ್ಕ ಖುಷಿಗೆ ಹಿಂಡಿ ಹೆಚ್ಚು ಕಟ್ಟಿದ್ದಾಳೆ, ರೊಟ್ಟಿಯೂ ನಾಲ್ಕಿರಬೇಕು, ನನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಂಡೆ. ಭಾರವಿದ್ದರೆ ಊಟವೇ ಇರುತ್ತದೆಂದು ಯಾರು ಹೇಳಿದರು ಎಂದು ನಡುಬೀದಿಯಲ್ಲಿ ಕೇಳಿದವಳು ನಾನೇ.

ಮಧ್ಯಾಹ್ನ ಗೋದಾಮಿನಲ್ಲಿ ಎಲ್ಲರೂ ಚಾದರದ ಗಂಟುಗಳ ನಡುವೆ ಸುತ್ತುಗಟ್ಟಿ ಕೂತು, ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತೇವೆ. ಮುಕಾದಮನೂ ಬಂದು ತುದಿಯಲ್ಲಿ ಕೂತಿದ್ದ, ಅವನ ಮೊದಲ ದಿನ. "ಬರ್ರಿ, ಇವತ್ತ ನಮ್ಮವ್ವನ ಹಿಂಡಿ ಅದ," ಎಂದು ಹೇಳುತ್ತಲೇ ನಾನು ಮುಚ್ಚಳ ತೆಗೆದೆ.

ರೊಟ್ಟಿ ಇರಲಿಲ್ಲ. ಹಿಂಡಿಯೂ ಇರಲಿಲ್ಲ. ಹಳೆಯ ಸೀರೆಯ ತುಂಡು ಸುತ್ತಿದ ಒಂದು ಗುಂಡನೆಯ ಗಂಟು. ಬಿಚ್ಚಿದೆ.

"ಅಯ್ಯ ಅಕ್ಕಾವ್ರ!" ಎಂದು ಚೀಟಿಯವಳು ಕಿರುಚಿದಳು. "ಕಲ್ಲ ಉಣ್ತೀರೇನ್ರಿ ನೀವು?"

ಎಲ್ಲರೂ ನಕ್ಕರು. ಒಬ್ಬಳು ನಕ್ಕು ನಕ್ಕು ನೆತ್ತಿಗೇರಿ ನೀರು ಕುಡಿದಳು. ಸೆರಗಿದ್ದರೆ ಹಣೆಯವರೆಗೆ ಎಳೆದುಕೊಳ್ಳುತ್ತಿದ್ದೆ. ಇದರ ಕತೆ ಗೊತ್ತಿದ್ದವನು ಆ ಸುತ್ತಿನಲ್ಲಿ ಒಬ್ಬನೇ. ಒಂದು ಮಾತು ಸಾಕಿತ್ತು, ಅವನ ಎಂಟು ದಿನದ ಸೇಡೂ ಅಲ್ಲೇ ತೀರುತ್ತಿತ್ತು. ಅವನು ಕಲ್ಲನ್ನು ನೋಡಿದ. ಅದಕ್ಕಿಂತ ಹೆಚ್ಚು ಹೊತ್ತು ಆ ಸೀರೆಯ ತುಂಡನ್ನು ನೋಡಿದ.

"ಸಪ್ಪಳ ಬರದಂಗ ಅರಿವಿ ಸುತ್ಯಾರ," ಎಂದು ತನ್ನಷ್ಟಕ್ಕೆ ಅಂದುಕೊಂಡ. "ಶಾಣ್ಯಾರ ಅದಾರ."

ಹೆಂಗಸರು ಆ ಕಡೆಯಿಂದ, ಈ ಕಡೆಯಿಂದ ನನ್ನ ಮುಚ್ಚಳಕ್ಕೆ ರೊಟ್ಟಿ ಹಾಕಲು ಬಂದರು. ಬೇಡ ಅಂದೆ. ಒಂಬತ್ತು ದಿನ ರೊಟ್ಟಿ ಉಣ್ಣದೆ ಮನೆಗೆ ತಂದವಳ ಲೆಕ್ಕದಲ್ಲಿ ನನ್ನದು ಒಂದೇ ದಿನ. ಅದನ್ನು ಯಾರ ಹತ್ತಿರವೂ ಹಂಚಿಕೊಳ್ಳುವಂತಿರಲಿಲ್ಲ.

ಸಂಜೆ ಅಕ್ಕಲಕೋಟದಲ್ಲಿ ಇಳಿದು ಮನೆಗೆ ಬಂದಾಗ ಅವ್ವ ಬಾಗಿಲಲ್ಲಿದ್ದಳು. ಮಾತಿಲ್ಲದೆ ಕೈ ಚಾಚಿದಳು. ಡಬ್ಬಿ ಕೊಟ್ಟೆ. ಅವಳು ಅದನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿದಳು.

"ಈ ಸಲ ಕಲ್ಲ ತಂದಿ," ಎಂದಳು. "ಒಳಗ ಬಾ. ಕುಂತು ಬೆಳ್ಳುಳ್ಳಿ ಸುಲಿ."